ಬಾಯಿಪಾಠದ ಅಳತೆ

ಖಾಯಂ ಗಿರಾಕಿಗೆ ಟೇಪು ಹಿಡಿಯುವುದೆಂದರೆ ಈ ದರ್ಜಿಗೆ ಅವಮಾನ. ಮೇಷ್ಟ್ರ ಹೆಂಡತಿ ಗಂಡನ ಅಂಗಿಗೆಂದು ಬಟ್ಟೆ ತಂದಾಗಲೂ, "ಅವರ ಅಳತೆ ನನಗೆ ಬಾಯಿಪಾಠ ಅಮ್ಮಾ, ಅವರು ಬರೋದೇ ಬೇಡ" ಎಂದಿದ್ದ. ಆಕೆಯೂ ಖುಷಿಯಾಗಿ ತಲೆಯಾಡಿಸಿದ್ದರು. ಮೊಳೆಗೆ ನೇತುಹಾಕಿದ್ದ ಹಳೆಯ ಕಾಗದದ ಅಚ್ಚು ಇಟ್ಟು ಕತ್ತರಿ ಆಡಿಸಿಯೇಬಿಟ್ಟಿದ್ದ.

ಇವತ್ತು ಮೇಷ್ಟ್ರು ಹೆಂಡತಿಯ ಜೊತೆ ಬಂದು, ಆ ಅಂಗಿ ತೊಟ್ಟು ಅಂಗಡಿಯ ಕನ್ನಡಿ ಮುಂದೆ ನಿಂತರು. ಒಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗವಿತ್ತು. ಅವರು ಇಷ್ಟು ಇಳಿದುಹೋಗಿದ್ದಾರೆಂದು ಯಾರೂ ಹೇಳಿರಲಿಲ್ಲ, ದರ್ಜಿಯೂ ಕೇಳಿರಲಿಲ್ಲ.

"ತಪ್ಪು ನಂದೇ ಮೇಷ್ಟ್ರೇ, ಈಗಲೇ ಬಿಗಿ ಮಾಡ್ಕೊಡ್ತೀನಿ" ಎಂದು ಟೇಪು ಎತ್ತಿಕೊಂಡ.

ಹೆಂಡತಿ ಅಡ್ಡ ಬಂದರು. "ಬೇಡಪ್ಪಾ, ಹಾಗೇ ಇರಲಿ. ಮುಂದಿನ ತಿಂಗಳಷ್ಟೊತ್ತಿಗೆ ಮೈ ತುಂಬ್ಕೋತಾರೆ."

ಮೇಷ್ಟ್ರು ಕನ್ನಡಿಯೊಳಗಿಂದಲೇ ದರ್ಜಿಯನ್ನು ನೋಡಿ, ಸುಮ್ಮನಿರು ಎಂಬಂತೆ ಕಣ್ಣು ಮುಚ್ಚಿ ತೆರೆದರು.

ದರ್ಜಿ ಟೇಪು ಸುತ್ತಿಟ್ಟ.

"ಹೌದಮ್ಮಾ, ಈಗ ಬಿಗಿ ಮಾಡಿದ್ರೆ ಆಮೇಲೆ ಗುಂಡಿ ಹಾಕೋಕಾಗಲ್ಲ."