ಕರೆಯದೇ ಹೋಗಬೇಕಾದ ಮನೆ

ಅಕ್ಕಂದಿರೇ, ಜಗಳಕ್ಕೆ ದೊಡ್ಡ ಕಾರಣ ಏನೂ ಬೇಕಿಲ್ಲ, ಬಚ್ಚಲ ನೀರು ಸಾಕು. ಹೊಸಹಳ್ಳಿ ಕಡೆಯ ಒಂದು ಊರು. ಅಲ್ಲಿ ಅಂಜಿನಕ್ಕನ ಬಚ್ಚಲ ನೀರು ಪಕ್ಕದ ಮನೆ ಗೀತಮ್ಮನ ಅಂಗಳಕ್ಕೆ ಹರಿಯಿತು. ಮಾತಿಗೆ ಮಾತು ಬೆಳೆಯಿತು. ನಡುವೆ ಇರುವುದು ಒಂದೇ ಗೋಡೆ, ಆದರೂ ವರ್ಷದ ಮೇಲಾಯಿತು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಂಜಿನಕ್ಕನ ಅತ್ತೆ ಮೈಲಮ್ಮ ಮಾತ್ರ ಕಟ್ಟೆ ಮೇಲೆ ಕೂತು ಇಬ್ಬರಿಗೂ ಬೈಯುತ್ತಿದ್ದಳು. ಗೀತಮ್ಮನ ಬಾಣಂತನ ಮಾಡಿದವಳು ಆಕೆಯೇ.

ಆ ಮೈಲಮ್ಮ ತೀರಿಕೊಂಡಳು. ಗೀತಮ್ಮ ಮಣ್ಣಿಗೂ ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಅತ್ತಳು.

ನಮ್ಮ ಕಡೆ ಪದ್ಧತಿ ಗೊತ್ತಲ್ಲ? ಸತ್ತ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ಮೊದಲ ಬುತ್ತಿ ಪಕ್ಕದ ಮನೆಯದು. ಗೀತಮ್ಮ ಜೋಳದ ರೊಟ್ಟಿ ಬಡಿದು, ಕಡಲೆಹಿಟ್ಟಿನ ಜುಣಕ ಮಾಡಿ, ಬಟ್ಟೆಯಲ್ಲಿ ಕಟ್ಟಿಯೂ ಇಟ್ಟಿದ್ದಳು. ಹೊಸ್ತಿಲು ಮಾತ್ರ ದಾಟಲಿಲ್ಲ.

ಆಶಾ ಕಾರ್ಯಕರ್ತೆ ಭಾಗ್ಯ ಬಂದವಳು ಆ ಗಂಟು ನೋಡಿದಳು.

"ಗೀತಕ್ಕ, ಬುತ್ತಿ ಇನ್ನೂ ಇಲ್ಲೇ ಐತಲ್ಲ?"

"ಆಕಿ ಒಂದ್ ಮಾತು ಕರೀಲಿ, ಹೋಗ್ತೀನಿ."

"ಮದುವಿಗೆ ಕರೀತಾರ. ಸತ್ತ ಮನಿಗೆ ಯಾರರ ಕರೀತಾರೇನಕ್ಕ?"

ಗೀತಮ್ಮ ಸಿಡುಕಿದಳು. "ಇವತ್ತು ಹೋದ್ರ ನಾಳಿ ಮತ್ತ ಜಗಳ. ಮನುಷ್ಯಾರು ಕೂಡಿ ಬಾಳೋದು ಆಗೋ ಮಾತಲ್ಲ ಬಿಡು."

"ಒಂದ್ ಕಡಿ ಇಟ್ಟ ಗಂಗಾಳ ತಾಗೇ ತಾಗ್ತಾವು ಅಕ್ಕ. ಜಗಳ ಬರಂಗಿಲ್ಲ ಅಂತ ನಾ ಹೇಳಂಗಿಲ್ಲ. ಆದ್ರ ಒಂದು ಇಂಗುಗುಂಡಿ ತೋಡಿದ್ರ ಆ ನೀರು ಅಲ್ಲೇ ಇಂಗತಿತ್ತು. ಪಂಚಾಯ್ತ್ಯಾಗ ಕೇಳಬೌದಿತ್ತು. ನೀವು ಕುಂತು ಮಾತಾಡ್ಲೇ ಇಲ್ಲ. ನಾಳಿ ಜಗಳ ನಾಳಿಗಿರಲಿ. ಇವತ್ತು ಆ ಮನಿಯಾಗ ಎಲ್ಲಾರೂ ಉಪಾಸ ಕುಂತಾರ, ನೋಡು."

ಗೀತಮ್ಮ ಗಂಟು ಎತ್ತಿಕೊಂಡಳು.

ಅಂಜಿನಕ್ಕ ಗೋಡೆಗೆ ಒರಗಿ ಕೂತಿದ್ದಳು. ಗೀತಮ್ಮನನ್ನು ಕಂಡಿದ್ದೇ ಅಳು ಒತ್ತರಿಸಿ ಬಂತು.

"ಅತ್ತಿ ನಿನ್ನ ನೋಡ್ಬೇಕು ಅಂದಿದ್ಲು ಗೀತಾ. ಗೀತಾನ ಕರಿ, ಗೀತಾನ ಕರಿ ಅಂತಿದ್ಲು. ನಿನ್ನ ಬಾಗಿಲ ತನಕ ಬಂದೆ. ಕರದ್ರ ನೀ ಬರಂಗಿಲ್ಲ ಅಂದ್ಕೊಂಡು ತಿರುಗಿ ಹೋದೆ."

"ಬರ್ತಿದ್ದೆ ಯಕ್ಕಾ," ಅಂದಳು ಗೀತಮ್ಮ. "ಓಡಿ ಬರ್ತಿದ್ದೆ."

ಇಬ್ಬರೂ ಆ ತಣ್ಣಗಿನ ರೊಟ್ಟಿಯನ್ನು ಮುರಿದು ಮಕ್ಕಳಿಗೆ ಕೊಟ್ಟರು, ತಾವೂ ತಿಂದರು. ಸೂತಕದ ದಿನ ಕಳೆದ ಮೇಲೆ ಎರಡೂ ಮನೆಯವರು ಕೂಡಿ ಇಂಗುಗುಂಡಿ ತೋಡಿದರು. ಅರ್ಧ ದಿನದ ಕೆಲಸ, ಅಷ್ಟೇ. ಈಗ ನೀರು ಅಲ್ಲೇ ಇಂಗುತ್ತದೆ. ಕಟ್ಟೆ ಮೇಲೆ ಕೂತು ಅದನ್ನು ನೋಡಿ ನಗಬೇಕಾದ ಮುದುಕಿ ಇಲ್ಲ. ಹೇಳುವಾಗ ನನಗೂ ಸಂಕಟವಾಗುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನೀವು ಮಾತು ಬಿಟ್ಟ ಮನೆ ಯಾವುದು? ಅಲ್ಲಿ ಸಾವಾಗುವ ತನಕ ಕಾಯಬೇಡಿ. ಬದುಕಿರುವವರ ಮನೆಗೂ ಕರೆಯದೇ ಹೋಗಿ. ಇವತ್ತೇ ಹೋಗಿ.