ಮುಯ್ಯಿ ನಂಬಿ ಮಗಳನ್ನು ಕಾಲೇಜಿಗೆ ಕಳಿಸಿದ ನಿಂಗರಾಜು

ನಮ್ಮ ಕಬಿನಿ ಕಡೆಯ ಮನೆಗಳಲ್ಲಿ ಕಿಟಕಿ ಸರಳಿಗೆ ಸಿಕ್ಕಿಸಿದ ಮದುವೆ ಕಾರ್ಡು ನೋಡಿದ್ದೀರಲ್ಲ? ಬೆಳಕು ಒಳಗೆ ಬರದ ಹಾಗೆ ಸಿಕ್ಕಿಸಿರುತ್ತಾರೆ. ಯಾರ ಮದುವೆ ಯಾವತ್ತು, ಯಾವ ಛತ್ರ, ಎಷ್ಟು ಮುಯ್ಯಿ ಬರೆಸಬೇಕು, ಎಲ್ಲ ಬಾಯಿಪಾಠ. ಅದೇ ಮನೆಯ ಯಜಮಾನನನ್ನು ನಿಲ್ಲಿಸಿ ಕೇಳಿ: "ಮಗಳು ಮೈಸೂರಲ್ಲಿ ಓದುತ್ತಾಳಲ್ಲ, ತಿಂಗಳಿಗೆ ಎಷ್ಟಪ್ಪ ಬೇಕು ಅವಳಿಗೆ?" ತಲೆ ಕೆರೆದುಕೊಳ್ಳುತ್ತಾನೆ.

ಮುಯ್ಯಿ ಅಂದರೆ ಏನು ಅಂತ ಪೇಟೆಯವರು ಕೇಳಬಹುದು. ಇನ್ನೊಬ್ಬರ ಮದುವೆಗೆ ಹೋದಾಗ ಮೇಜಿನ ಮುಂದೆ ನಿಂತು ಹೆಸರು ಹೇಳಿ ದುಡ್ಡು ಬರೆಸಿ ಬರುವುದು. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಬಂದು ಅಷ್ಟೇ ಬರೆಸಬೇಕು, ಮರ್ಯಾದಸ್ಥರಾದರೆ ಒಂದು ನೂರು ಹೆಚ್ಚು. ಒಳ್ಳೆಯ ಪದ್ಧತಿಯೇ. ಹಿಂದೆ ಇದರಿಂದ ಎಷ್ಟೋ ಬಡವರ ಮದುವೆ ನಡೆದುಹೋಗಿದೆ. ಆದರೆ ನಮ್ಮ ನಿಂಗರಾಜು ಇದನ್ನೇ ಬ್ಯಾಂಕು ಅಂದುಕೊಂಡ. ಆ ಕಥೆ ಕೇಳಿ.

ನಿಂಗರಾಜು ಬೀಚನಹಳ್ಳಿ ಅಣೆಕಟ್ಟಿನ ಕಾಲುವೆಯಲ್ಲಿ ನೀರು ಬಿಡುವ ಕೆಲಸಕ್ಕೆ ಹೋಗುತ್ತಾನೆ, ದಿನಗೂಲಿ. ಸ್ವಲ್ಪ ಹತ್ತಿ ಬೆಳೆಯುತ್ತಾನೆ. ಹೆಂಡತಿ ಚಿಕ್ಕಸಿದ್ದಮ್ಮ ಹಿನ್ನೀರಿನ ಕಡೆಯ ಒಂದು ರೆಸಾರ್ಟಿನಲ್ಲಿ ಬಟ್ಟೆ ಒಗೆಯುತ್ತಾಳೆ. ತಿಂಗಳಿಗೆ ಸರಿಯಾಗಿ ಸಂಬಳ. ಒಬ್ಬಳೇ ಮಗಳು, ಸಂಘಮಿತ್ರ. ಸರಗೂರಿನಲ್ಲಿ ಪಿಯುಸಿ ಓದಿ, ಒಳ್ಳೆಯ ನಂಬರು ತೆಗೆದು, ಮೈಸೂರಿನಲ್ಲಿ ಬಿಎಸ್ಸಿ ಸೀಟು ತಗೊಂಡಳು.

ಸೀಟು ಸಿಕ್ಕ ಸುದ್ದಿ ಕೇಳಿದ ದಿನವೇ ಮರಮ್ಮ ಬಂದಳು. ಚಿಕ್ಕಸಿದ್ದಮ್ಮನ ಜೊತೆ ಅದೇ ರೆಸಾರ್ಟಿನಲ್ಲಿ ಒಗೆಯುವವಳು. ಅವಳ ಮಗ ಆಗಲೇ ಮೈಸೂರಿನಲ್ಲಿ ಮೂರನೇ ವರ್ಷ ಓದುತ್ತಿದ್ದ. ಏಟು ತಿಂದು ಕಲಿತ ಹೆಂಗಸು.

"ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕುದ್ರಾ ಅಣ್ಣ? ದಿನ ಮುಗ್ದೋದ್ರೆ ತಿರ್ಗ ಬರೋ ವರ್ಸನೇ."

"ಹಾಕಾಣ ಬುಡಮ್ಮಿ. ಮೊದ್ಲು ಒಂದು ಊಟ ಹಾಕುಸ್ಬೇಕು."

"ಯಾವ ಊಟ?"

"ಬಾಡೂಟ ಕಣಮ್ಮಿ! ನಮ್ಮ ವಂಶದಲ್ಲೇ ಮೊದ್ಲು ಕಾಲೇಜು ಮೆಟ್ಲತ್ತಿರೋಳು. ಇಷ್ಟು ವರ್ಸ ನಾನು ಊರೂರಿಗೆ ಮುಯ್ಯಿ ಬರ್ಸಿವ್ನಲ್ಲ, ಎಲ್ಲ ವಾಪಸ್ ಬತ್ತದೆ. ಅದ್ರಲ್ಲೇ ಮೂರು ವರ್ಸ ಓದ್ಸ್‌ಬುಡ್ತೀನಿ, ನೋಡ್ತಿರು."

ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಸಂಘಮಿತ್ರಳ ಫೋಟೋ ಅಂಗೈಯಗಲ, ಅವಳ ಸುತ್ತ ನಗುತ್ತಿದ್ದ ಮುಖಂಡರ ಫೋಟೋಗಳು ಮಾತ್ರ ಮೊರದಗಲ. ಎರಡು ವಾರ ನಿಂಗರಾಜು ಕಾರ್ಡು ಹಂಚುತ್ತಾ ಹುಣಸೂರು, ಪಿರಿಯಾಪಟ್ಟಣ ಸುತ್ತಿದ. ಹುಡುಗಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗೋಣ ಬಾ ಅಂತ ಕರೆದಾಗಲೆಲ್ಲ, "ಅಡಿಗೆಯೋನ್ಗೆ ಅಡ್ವಾನ್ಸ್ ಕೊಟ್ಟು ಬತ್ತೀನಿ, ತಡಿ" ಅಂದ. ಕುರಿ ಕಡಿಯುವ ಹೊತ್ತಿಗೆ ಹಾಸ್ಟೆಲ್ ಅರ್ಜಿಯ ಕಡೆಯ ದಿನ ದಾಟಿತ್ತು.

ಊಟಕ್ಕೆ ಜನ ಬಂದರು. ಬಾರದೆ ಏನು? ಮಟನ್ ಸಾರು ಚೆನ್ನಾಗಿತ್ತು, ನಾನೂ ಎರಡು ಸಲ ಹಾಕಿಸಿಕೊಂಡೆ. ಆದರೆ ಮುಯ್ಯಿ ಮೇಜಿನ ಮುಂದೆ ನೂರೊಂದು, ಇನ್ನೂರೊಂದು. ಒಬ್ಬ ಗೋಡೆ ಗಡಿಯಾರ ತಂದ. ಇನ್ನೊಬ್ಬನೂ ಗಡಿಯಾರವನ್ನೇ ತಂದ. ನಿಂಗರಾಜು ಕಾದು ಕೂತಿದ್ದು ಅಂಕಯ್ಯನಿಗೆ. ಅಂಕಯ್ಯ ನಮ್ಮೂರ ಕಂಟ್ರಾಕ್ಟರು. ಅವನ ಮನೆಯ ಗೃಹಪ್ರವೇಶ, ದೊಡ್ಡ ಮಗಳ ಮದುವೆ, ಎರಡಕ್ಕೂ ಇವನು ಕೈ ತುಂಬ ಬರೆಸಿದ್ದ. ಅಂಕಯ್ಯ ಬಂದ, ತಿಂದ, ಕೈ ಒರೆಸಿಕೊಂಡು ಐನೂರು ಬರೆಸಿದ.

"ಅಂಕಣ್ಣ, ಇಷ್ಟೇಯಾ?" ನಿಂಗರಾಜು ನಗುನಗುತ್ತಲೇ ಕೇಳಿದ. ಮುಖ ಮಾತ್ರ ಬಿಳುಚಿತ್ತು.

"ಲೋ, ಮುಯ್ಯಿ ತೀರ್ಸೋದು ಮದ್ವೆಗೆ ಕಣ್ಲಾ. ಓದಾಕೆ ಯಾವನಾದ್ರೂ ಮುಯ್ಯಿ ಆಕ್ತಾನಾ? ಮಗ್ಳಿಗೆ ಗಂಡು ನೋಡು, ಆವತ್ತು ಬಂದು ಎಲ್ಲಾನೂ ಬರುಸ್ತೀನಿ."

ಸುತ್ತ ಕೂತವರು ಹೌದು ಹೌದು ಅಂದರು. ಮದುವೆಗೆ ದುಡ್ಡುಂಟು, ಓದಿಗೆ ಗಡಿಯಾರವುಂಟು. ಒಲೆ ಆರುವ ಹೊತ್ತಿಗೆ ಲೆಕ್ಕ ನೋಡಿದರೆ, ಬಂದ ಮುಯ್ಯಿಯಲ್ಲಿ ಕುರಿಯ ದುಡ್ಡೂ ಹುಟ್ಟಿರಲಿಲ್ಲ.

ಹಾಸ್ಟೆಲ್ ಇಲ್ಲ ಅಂದಮೇಲೆ ಸಂಘಮಿತ್ರ ಪಿಜಿ ಸೇರಿದಳು. ಒಂದು ರೂಮಿಗೆ ನಾಲ್ವರು. ಊಟ ಬೇರೆ, ಬಾಡಿಗೆ ಬೇರೆ. ಮೊದಲ ತಿಂಗಳು ನಿಂಗರಾಜು ಸರಿಯಾಗಿ ಕಳಿಸಿದ. ಎರಡನೇ ತಿಂಗಳು ಅರ್ಧ. ಆಮೇಲೆ ಕಾರ್ತಿಕದ ಮದುವೆಗಳು ಬಂದವು. ಮಗಳ ಮದುವೆಗಾದರೂ ವಾಪಸ್ ಬರಬೇಕಲ್ಲ ಅಂತ ಇವನು ಇನ್ನೂ ಜೋರಾಗಿ ಮುಯ್ಯಿ ಬರೆಸಲು ನಿಂತ. ಚಿಕ್ಕಸಿದ್ದಮ್ಮನ ಸಂಬಳವೂ ಅಲ್ಲಿಗೇ ಹೋಯಿತು.

ತಾಯಿ ದಿನಾ ಫೋನ್ ಮಾಡುತ್ತಿದ್ದಳು.

"ಊಟ ಆಯ್ತಾ ಮಗ?"

"ಆಯ್ತು ಕಣವ್ವ."

"ದುಡ್ಡು ಅದಾ?"

"ಅದೆ ಬುಡವ್ವ. ಸಾಕು."

ಆ ಮಾತು ನಂಬಿ ತಾಯಿ ನೆಮ್ಮದಿಯಾಗಿ ಮಲಗುತ್ತಿದ್ದಳು. ತಂದೆಗಂತೂ ಕೇಳಬೇಕು ಅನ್ನಿಸಿದ್ದೇ ಇಲ್ಲ.

ಅಂಕಯ್ಯನ ಮಗ ಕಿರಣ್‌ಕುಮಾರನ ಮದುವೆ ಮೈಸೂರಿನ ಛತ್ರದಲ್ಲಿ ಇಟ್ಟರು. ಊರಿಂದ ಬಸ್ಸು. ಅಲ್ಲೇ ಇರುವ ಮಗಳನ್ನೂ ಚಿಕ್ಕಸಿದ್ದಮ್ಮ ಕರೆದಳು. "ಪರೀಕ್ಷೆ ಅದೆ ಕಣವ್ವ, ಬರಾಕಾಗಲ್ಲ" ಅಂದಳು ಹುಡುಗಿ. ಓದುವ ಮಗು, ಬೇಡ ಬಿಡು ಅಂದುಕೊಂಡರು.

ಛತ್ರಕ್ಕೆ ಹೋದ ತಕ್ಷಣ ನಿಂಗರಾಜು ಮೇಜಿನ ಮುಂದೆ ನಿಂತು ಐದು ಸಾವಿರ ಬರೆಸಿದ. ನಾಲ್ಕು ಜನಕ್ಕೆ ಕೇಳುವ ಹಾಗೆ ಹೆಸರು ಹೇಳಿದ. ಆಮೇಲೆ ನಾವೆಲ್ಲ ಊಟಕ್ಕೆ ಕೂತೆವು. ನನ್ನ ಎಡಕ್ಕೆ ಅವನು, ಅವನಾಚೆ ಚಿಕ್ಕಸಿದ್ದಮ್ಮ.

ಬಡಿಸುವವರು ಕೇಟರಿಂಗ್ ಹುಡುಗ ಹುಡುಗಿಯರು. ಒಂದೇ ಬಣ್ಣದ ಕೋಟು, ತಲೆಗೆ ಬಲೆ ಟೋಪಿ. ಅನ್ನ ಬಂತು. ಹಿಂದೆಯೇ ಸಾರಿನ ಬಕೆಟ್ ಹಿಡಿದು ಒಬ್ಬಳು ಬಂದಳು. ನಿಂಗರಾಜು ಅನ್ನದಲ್ಲಿ ಗುಂಡಿ ಮಾಡುತ್ತಾ, ತಲೆ ಎತ್ತದೆ, "ಗಟ್ಟಿ ಬುಡವ್ವ, ತಿಳಿ ಬ್ಯಾಡ" ಅಂದ.

ಸೌಟು ಬಗ್ಗಲಿಲ್ಲ.

"ಅಪ್ಪ, ಕೈ ತೆಗಿ. ಬಿಸಿ ಅದೆ."

ಅವನು ತಲೆ ಎತ್ತಿದ. ನಾನೂ ನೋಡಿದೆ. ಸಂಘಮಿತ್ರ. ಕೆನ್ನೆ ಒಳಕ್ಕೆ ಹೋಗಿತ್ತು. ಕೋಟು ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡುತ್ತಿತ್ತು.

"ಪರೀಕ್ಷೆ ಅಂದಿದ್ದೆ?"

"ಪರೀಕ್ಷೆಗೇ ಕಣಪ್ಪ. ಫೀಸು ಕಟ್ಟಾಕೆ ನಾಳೆ ಕೊನೆ ದಿನ. ಶನಿವಾರ ಭಾನುವಾರ ಬಡ್ಸಾಕೆ ಬತ್ತೀನಿ. ಕೂಲಿನೂ ಕೊಡ್ತಾರೆ, ಊಟನೂ ಸಿಕ್ತದೆ. ಯಾವ ಛತ್ರ ಅಂತ ಗೊತ್ತಿರ್ನಿಲ್ಲ. ವ್ಯಾನ್ ಇಳ್ದಾಗ್ಲೇ ಅಂಕಯ್ಯಮಾವನ ಬೋರ್ಡ್ ನೋಡಿದ್ದು."

"ಏಯ್, ಮೂರ್ನೇ ಸಾಲು!" ಅಂತ ಮೇಸ್ತ್ರಿ ಕೂಗಿದ. ಅವಳು ಅಪ್ಪನ ಅನ್ನಕ್ಕೆ ಸಾರು ಬಿಟ್ಟು, ನನ್ನ ಎಲೆಗೂ ಬಿಟ್ಟು, ಮುಂದೆ ಹೋದಳು.

ಸಾಲಿನಲ್ಲಿ ಕೂತವರೆಲ್ಲ ನಮ್ಮೂರಿನವರೇ. ಬಾಡೂಟ ತಿಂದು ಗಡಿಯಾರ ಕೊಟ್ಟವರೇ. ಎಲ್ಲರೂ ನೋಡಿದರು. ಯಾರೂ ಉಣ್ಣುವುದು ನಿಲ್ಲಿಸಲಿಲ್ಲ.

ಎದ್ದವಳು ಚಿಕ್ಕಸಿದ್ದಮ್ಮ ಒಬ್ಬಳು. ಎಲೆ ಬಿಟ್ಟು ಎದ್ದಳು, ಕೈ ತೊಳೆಯಲಿಲ್ಲ. ನೇರ ಮುಯ್ಯಿ ಮೇಜಿಗೆ ಹೋದಳು. ಅಂಕಯ್ಯ ಅಲ್ಲೇ ರೇಷ್ಮೆ ಪಂಚೆಯಲ್ಲಿ ನಿಂತಿದ್ದ.

"ನಮ್ ಮುಯ್ಯಿ ವಾಪಸ್ ಕೊಡಿ ಅಣ್ಣ."

ಅಂಕಯ್ಯ ನಕ್ಕ. "ಏನಮ್ಮಿ ತಮಾಸೆ? ಬರ್ಕಂಡಾಗದೆ."

"ಬರ್ದಿರೋದ ಹೊಡ್ದಾಕಿ."

"ಲೇ ನಿಂಗಾ, ನಿನ್ ಹೆಂಡ್ತಿಗೆ ತಲೆಗಿಲೆ ಕೆಟ್ಟದಾ? ಸುಭ ಕಾರ್ಯದಲ್ಲಿ ಕೊಟ್ಟುದ್ನ ಕೇಳ್ತಾವ್ಳೆ!"

"ಇಷ್ಟು ದಿನ ಕೆಟ್ಟಿತ್ತು ಅಣ್ಣ, ಇವತ್ತು ಸರಿ ಓಯ್ತು. ನನ್ ಮಗ್ಳು ನಿಮ್ ಮಗನ ಮದ್ವೇಲಿ ಸಾರು ಬಡುಸ್ತಾವ್ಳೆ. ಅದೇ ನಮ್ ಮುಯ್ಯಿ ಅಂತ ಬರ್ಕಳಿ. ದುಡ್ಡು ಕೊಡಿ."

ಅಂಕಯ್ಯ ನೋಟುಗಳನ್ನು ಮೇಜಿನ ಮೇಲೆ ಎಸೆದ. ಒಂದು ಕೆಳಗೆ ಬಿತ್ತು. ಅದನ್ನು ಬಗ್ಗಿ ಎತ್ತಿಕೊಂಡವನು ನಿಂಗರಾಜು.

ಫೀಸು ಕಟ್ಟಿದರು. ಹುಡುಗಿ ಪರೀಕ್ಷೆ ಬರೆದಳು. ಹೊಟ್ಟೆಗಿಲ್ಲದೆ ಓದಿದ್ದಕ್ಕೆ ಎರಡು ವಿಷಯ ಹೋಯಿತು. ಪಿಯುಸಿಯಲ್ಲಿ ಒಂದು ನಂಬರಿಗೂ ಜಗಳ ಆಡುತ್ತಿದ್ದ ಹುಡುಗಿ, ಈಗ "ಬುಡವ್ವ, ತಿರ್ಗ ಕಟ್ತೀನಿ" ಅಂದಳು. ಅವಳ ಆ ದನಿ ನನಗೆ ಹಿಡಿಸಲಿಲ್ಲ.

ಫಲಿತಾಂಶ ಬಂದು ಹುಡುಗಿ ಊರಿಗೆ ಬಂದಿದ್ದ ಭಾನುವಾರ ಮರಮ್ಮ ಮತ್ತೆ ಮನೆಗೆ ಬಂದಳು. "ಆವತ್ತೇ ಹೇಳಿದ್ನಲ್ಲ" ಅನ್ನಲಿಲ್ಲ, ಅದು ಅವಳ ದೊಡ್ಡತನ. ನಾನಾಗಿದ್ದರೆ ಅಂದಿರುತ್ತಿದ್ದೆ.

"ಸಂಘಮಿತ್ರ, ಮೊದ್ಲು ನೀನು ಹೇಳು. ನಾಚ್ಕೆ ಬುಟ್ಟು ಹೇಳು. ಬಾಡ್ಗೆ, ಊಟ, ಬಸ್ಸು, ಫೋನು, ಜೆರಾಕ್ಸು, ಸೋಪು, ಹುಡ್ಗೀರ ಖರ್ಚು, ಎಲ್ಲಾನೂ."

ಹುಡುಗಿ ಹೇಳುತ್ತಾ ಹೋದಳು. ನಿಂಗರಾಜು ಬಾಯಿ ಬಿಟ್ಟುಕೊಂಡು ಕೇಳಿದ. "ಇಷ್ಟೊಂದಾ?" ಅಂದ.

"ಇಷ್ಟೇ ಕಣಣ್ಣ. ಇದು ತಿಂಗ್ಳು ತಿಂಗ್ಳೂ ಬರೋ ಖರ್ಚು. ಅದ್ಕೆ ತಿಂಗ್ಳು ತಿಂಗ್ಳೂ ಬರೋ ದುಡ್ಡೇ ಬೇಕು. ಅಕ್ಕನ್ ಸಂಬಳ ಬಂದ್ ದಿನವೇ ಮೊದ್ಲು ಮಗೀಗೆ ಕಳ್ಸಿ. ಮಿಕ್ಕಿದ್ರಲ್ಲಿ ಮನೆ. ನಿನ್ ಕೂಲಿಲಿ ಮನೆ ಸಾಮಾನು. ಹತ್ತಿ ದುಡ್ಡು ವರ್ಸಕ್ಕೊಂದ್ಸಲ ಬತ್ತದೆ. ಅದ ಮುಟ್ಬ್ಯಾಡಿ, ಬ್ಯಾಂಕಲ್ಲಿ ಮಡ್ಗಿ. ಕಾಲೇಜು ಫೀಸು, ಆರಾರು ತಿಂಗ್ಳಿಗೆ ಪರೀಕ್ಷೆ ಫೀಸು, ಅದ್ರಲ್ಲಿ ಕಟ್ಟಿ."

"ಸ್ಕಾಲರ್‌ಶಿಪ್ ಬತ್ತದಲ್ಲ?"

"ಬಂದಾಗ ಬಂತು ಅನ್ನು. ನಮ್ ಹೈದನ್ಗೆ ವರ್ಸ ಮುಗ್ದ್ ಮೇಲೆ ಬಂತು. ಅರ್ಜಿ ಟೈಮ್ಗೆ ಹಾಕಿ, ಬ್ಯಾಂಕಿಗೆ ಆಧಾರ್ ಲಿಂಕ್ ಆಗದಾ ನೋಡ್ಕಳಿ. ಆದ್ರೆ ಅದ ನಂಬಿ ಊಟದ ದುಡ್ಡು ನಿಲ್ಸ್‌ಬ್ಯಾಡಿ. ಬಂದ್ರೆ ಬರೋ ವರ್ಸದ ಫೀಸ್ಗೆ ಆಯ್ತದೆ. ಹಾಸ್ಟೆಲ್ ಅರ್ಜಿ ಯಾವಾಗ ಕರೀತಾರೆ ಅಂತ ಈಗ್ಲಿಂದ್ಲೇ ಕೇಳ್ತಾ ಇರಿ. ಹುಸಾರಿಲ್ದಾಗ ಬೇಕಾಯ್ತದೆ, ಹೆಂಗುಸ್ರ ಸಂಘದಲ್ಲಿ ವಾರ ವಾರ ಒಂದಿಷ್ಟು ಬೇರೆ ಕಟ್ಟಿ."

ನಿಂಗರಾಜು ಕಿಟಕಿ ಕಡೆ ನೋಡಿದ. ಕಾರ್ಡುಗಳು. "ಮುಯ್ಯಿ?"

"ಯಾರಾದ್ರೂ ಸರಿ, ಇನ್ನೂರು. ಅಷ್ಟೇ."

"ಜನ ಏನಂತಾರಮ್ಮಿ?"

"ಮಗ್ಳು ಬಡ್ಸುದ್ ಸಾರ ಜನ ಕುಡುದ್ರಲ್ಲ ಅಣ್ಣ, ಆವತ್ತು ಏನಂದ್ರು?"

ಅವನು ಎದ್ದು ಹೋಗಿ ಕಾರ್ಡುಗಳನ್ನು ಒಂದೊಂದಾಗಿ ಕಿತ್ತ. ಕಿಟಕಿಯಲ್ಲಿ ಬೆಳಕು ಬಂತು, ಜೊತೆಗೆ ಧೂಳೂ ಬಂತು.

ಈಗ ಎರಡನೇ ವರ್ಷ. ಈ ಸಲ ಅರ್ಜಿ ಹಾಕಿದರು, ಹಾಸ್ಟೆಲ್ ಸಿಕ್ಕಿತು. ಹೋದ ಎರಡು ವಿಷಯದಲ್ಲಿ ಒಂದು ಪಾಸಾಗಿದೆ, ಇನ್ನೊಂದು ಬಾಕಿ. ಅಂಕಯ್ಯ ಇವರ ಮನೆಗೆ ಕಾರ್ಡು ಕೊಡುವುದು ನಿಲ್ಲಿಸಿದ್ದಾನೆ. ಅದನ್ನು ನಾನು ಲಾಭದ ಲೆಕ್ಕಕ್ಕೇ ಹಾಕುತ್ತೇನೆ. ಆದರೆ ನಿಂಗರಾಜು ಈಗಲೂ ಯಾರ ಮದುವೆಯಲ್ಲೂ ಸಾರು ಹಾಕಿಸಿಕೊಳ್ಳುವುದಿಲ್ಲ. ಮಜ್ಜಿಗೆ ಅನ್ನ ಉಂಡು ಎದ್ದುಬಿಡುತ್ತಾನೆ.

ಎಚ್.ಡಿ.ಕೋಟೆ, ಹುಣಸೂರು, ಕೆ.ಆರ್.ನಗರ, ಪಿರಿಯಾಪಟ್ಟಣದ ತಂದೆ ತಾಯಂದಿರೇ, ಮಗುವಿಗೆ ಸೀಟು ಸಿಕ್ಕಿದರೆ ಕುರಿ ಹುಡುಕಬೇಡಿ. ಮಗುವನ್ನು ಎದುರಿಗೆ ಕೂರಿಸಿಕೊಂಡು ಖರ್ಚು ಕೇಳಿ. ನಿಮ್ಮ ಕೈಲಿ ಎಷ್ಟು ಆಗುತ್ತದೆ ಅನ್ನುವುದನ್ನೂ ಮುಚ್ಚಿಡದೆ ಹೇಳಿ. ಹಾಸ್ಟೆಲ್ ಅರ್ಜಿ, ಪ್ರಮಾಣಪತ್ರ ಮೊದಲು, ನೆಂಟರು ಆಮೇಲೆ. ತಿಂಗಳ ದುಡ್ಡು ಬಂದ ದಿನವೇ ಮಗುವಿನ ಪಾಲು ಹೋಗಲಿ.

ಇನ್ನೊಂದು ಮಾತು. ಇವತ್ತು ಫೋನ್ ಮಾಡಿದಾಗ "ಊಟ ಆಯ್ತಾ?" ಅಂತ ಕೇಳಬೇಡಿ. ಆಯ್ತು ಅನ್ನುವುದು ಹಸಿದ ಮಗುವಿಗೂ ಸುಲಭ. "ಏನು ಊಟ ಮಾಡಿದೆ?" ಅಂತ ಕೇಳಿ. ಕೇಳಿ, ಉತ್ತರ ಬರುವವರೆಗೂ ಫೋನ್ ಇಡಬೇಡಿ.