ಜರ್ಸಿಗೆ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ಮೇಟಗಳ್ಳಿಯ ನಮ್ಮ ಮನೆ ಮುಂದೆ ಸ್ಪ್ಯಾನರ್, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲ ತೊಳೆಸಿಕೊಂಡು ಕೂತಿದ್ದವು. ಪಕ್ಕದಲ್ಲಿ ಅಪ್ಪನ ಕಾಲದ ಸ್ಕೂಟರ್. ಪ್ರತಿವರ್ಷ ಅವುಗಳ ಜೊತೆಗೇ ನನ್ನ ಮೆಚ್ಚಿನ ಫುಟ್‌ಬಾಲ್ ತಂಡ ಕಾವೇರಿ ಯುನೈಟೆಡ್‌ನ ಹಸಿರು ಜರ್ಸಿಯನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದೆ. ಹಬ್ಬ ಮುಗಿದ ವಾರಕ್ಕೆ ಲೀಗ್ ಶುರುವಾಗುತ್ತದೆ. ಈ ಸಲ ಜರ್ಸಿ ಬೀರುವಿನಲ್ಲೇ ಉಳಿದಿತ್ತು.

“ಜರ್ಸಿ ಎಲ್ರೀ?” ಎಂದಳು ಹೆಂಡತಿ ಧರಣಿ.

“ಬ್ಯಾಡ ಬುಡು,” ಎಂದೆ. “ಗೋಲ್‌ಕೀಪರ್‌ಗೆ ಮಂಡಿನೋವು. ಗೋಲ್ ಹೊಡಿಯೋನು ಒಬ್ಬ ಇದ್ದ, ಅವನನ್ನೂ ಮಾರ್ಬುಟ್ರು. ಡಿಫೆನ್ಸ್‌ನಲ್ಲಿರೋರು ಮದುವೆ ಮನೆ ಬಾಗಿಲಲ್ಲಿ ನಿಂತಂಗೆ ನಿಂತು, ಬಂದೋರ್ನೆಲ್ಲ ಒಳಗೆ ಬಿಟ್ಕೋತಾರೆ. ಹೊಸ ಕೋಚು ತಾಳ್ಮೆ ಇರ್ಲಿ ಅಂತಾನೆ. ಹಳೇ ಕೋಚೂ ಅದನ್ನೇ ಅಂದಿದ್ದ. ಕೆಲ್ಸ ಮಾಡೋದಕ್ಕೆ ಪೂಜೆ ಮಾಡ್ಬೇಕು ಕಣೆ, ಕೈ ಕೊಡೋದಕ್ಕಲ್ಲ. ನಂಗೂ ಸಾಕಾಗೋಯ್ತು.”

ಧರಣಿ ಸ್ಕೂಟರಿಗೆ ಚೆಂಡುಹೂವಿನ ಹಾರ ಹಾಕುತ್ತ, “ಯುಗಾದಿಯಿಂದ ಈ ಗಾಡಿ ಒಂದ್ಸಲನೂ ಸ್ಟಾರ್ಟ್ ಆಗಿಲ್ಲ. ಇದಕ್ಕೆ ಬೂದುಗುಂಬಳಕಾಯಿ ತಂದೋರು ಯಾರು?” ಎಂದಳು.

ನಾನು ಒಳಗೆ ಹೋಗಿ, ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದ ಜರ್ಸಿಯನ್ನು ತಂದು ಸ್ಕೂಟರಿನ ಸೀಟಿನ ಮೇಲೆ ಹಾಸಿದೆ. ಕುಂಕುಮ ಇಟ್ಟೆ. ಚಕ್ರದಡಿ ಇಡಲು ಧರಣಿ ಎರಡು ನಿಂಬೆಹಣ್ಣು ಕೊಟ್ಟಳು.

“ಇನ್ನೂ ನಾಲ್ಕು ಕೊಡು,” ಎಂದೆ. “ಡಿಫೆನ್ಸ್‌ನೋರಿಗೆ ತಲೆಗೊಂದು ಬೇಕು.”